ಅಚ್ಚಿನೊಳಗಿನ ಬಿಸಿ

ಮೇ ತಿಂಗಳ ಚೆನ್ನೈನಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವಳು ನನ್ನ ಅಕ್ಕ.

ಹೊರಗೆ ಅಡ್ಯಾರಿನ ರಸ್ತೆಯ ಟಾರು ಚಪ್ಪಲಿಗೆ ಅಂಟುವಷ್ಟು ಬಿಸಿಲು. ಆಟೋ ಇಳಿದು, ಮೆಟ್ಟಿಲು ಹತ್ತಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರೆ, ಅಕ್ಕ ಅಡುಗೆಮನೆಯಲ್ಲಿ ಕೆಂಪು ಕೈಗವಸು ತೊಟ್ಟು ಮೊಸರಿನ ಪಾತ್ರೆ ಹೊರಗೆ ತೆಗೆಯುತ್ತಿದ್ದಳು. (ಯಾವುದೋ ಕಾಲದಲ್ಲಿ ಊಟಿಗೆ ಹೋದಾಗ ಕೊಂಡದ್ದು. ಈ ಊರಿನಲ್ಲಿ ಅದಕ್ಕೆ ಕೆಲಸ ಸಿಗುತ್ತದೆ ಎಂದು ಯಾರು ಅಂದುಕೊಂಡಿದ್ದರು?)

"ನಗಬೇಡ ಕಣೇ," ಅಂದಳು. "ಇದಿಲ್ದೆ ಮುಟ್ಟಿದ್ರೆ ಬೆರಳಿಗೆ ಕರೆಂಟ್ ಹೊಡೆದ ಹಾಗಾಗತ್ತೆ."

ನಾನು ನಗುತ್ತಿರಲಿಲ್ಲ.

ಅಕ್ಕನಿಗೆ ಕರುಳಿನ ಕ್ಯಾನ್ಸರ್. ಕೊಡುತ್ತಿದ್ದ ಕೀಮೋ ಔಷಧಿಗಳಲ್ಲಿ ಒಂದಕ್ಕೆ ಈ ವಿಚಿತ್ರ ಗುಣ. ಅದು ಮೈಯೊಳಗೆ ಹೋದ ಮೇಲೆ ತಣ್ಣಗಿರುವುದನ್ನು ಮುಟ್ಟುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಒಂದು ಗುಟುಕು ತಣ್ಣೀರು ಇಳಿದರೆ ಗಂಟಲು ಕಟ್ಟಿಕೊಂಡಂತಾಗುತ್ತದೆ. ಸ್ಟೀಲ್ ಲೋಟದ ತಂಪೂ ಚುಚ್ಚುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಇದು ತಿಂಗಳುಗಟ್ಟಲೆ ಉಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇಡೀ ಊರು ಐಸ್ ನೀರಿಗೆ ಬಾಯಿಬಿಡುವ ಕಾಲದಲ್ಲಿ ನನ್ನ ಅಕ್ಕ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದಳು.

ಕೆಲವು ವಾರ ಈ ಅಂಕಣ ಬರಲಿಲ್ಲ. "ಎಲ್ಲಿ ಹೋದ್ರಿ ಮೇಡಂ?" ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಎಲ್ಲೂ ಹೋಗಿರಲಿಲ್ಲ. ಅಡ್ಯಾರಿನ ಆ ಮನೆಯಲ್ಲಿದ್ದೆ.

ಅಕ್ಕನ ಹೆಸರು ವಾರಿಜಾ. ನಾವು ನಂಜನಗೂಡಿನವರು. ಅವಳು ಮದುವೆಯಾಗಿ ಚೆನ್ನೈಗೆ ಬಂದಾಗ ಇದಿನ್ನೂ ಮದ್ರಾಸು. ನಾನು ಬಹಳ ವರ್ಷದ ನಂತರ ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದವಳು. ಅವಳ ಗಂಡ ಶ್ರೀಪತಿ ಭಾವ ದಂತವೈದ್ಯರು, ಟಿ. ನಗರದಲ್ಲಿ ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಕ್ಲಿನಿಕ್ಕು. ಅವರದು ಮುತ್ತಜ್ಜನ ಕಾಲಕ್ಕೇ ಇಲ್ಲಿಗೆ ಬಂದು ನೆಲೆಸಿದ ಮಾಧ್ವರ ಮನೆತನ. ದೇವರ ಮುಂದೆ ಹೇಳುವ ಹಾಡೆಲ್ಲ ಕನ್ನಡ, ಅಲ್ಲಿಂದ ಎದ್ದ ತಕ್ಷಣ ಅರ್ಧ ತಮಿಳು. "ಚುಮ್ಮಾ ಕೂತ್ಕೊಂಡಿದೀನಿ, ಅಪ್ಪುರಂ ಬರ್ತೀನಿ" ಅನ್ನುವಂಥ ಕನ್ನಡ, ಅಂದರೆ ಸುಮ್ಮನೆ ಕೂತಿದ್ದೇನೆ, ಆಮೇಲೆ ಬರುತ್ತೇನೆ. ಮದುವೆಯಾದ ಹೊಸದರಲ್ಲಿ ಅಕ್ಕ ಇದನ್ನು ಊರಿಗೆ ಬಂದಾಗ ನಟಿಸಿ ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಆಮೇಲೆ ಅವಳೂ ಹಾಗೇ ಮಾತಾಡತೊಡಗಿದಳು.

ಮಗಳು ಅನಘಾ. ಬಿ.ಎಸ್ಸಿ. ಮೊದಲ ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ನಾನು ಅವಳಿಗೆ ಚಿಕ್ಕಮ್ಮ ಅಲ್ಲ, "ಚಿತ್ತಿ".

ಅಕ್ಕ ಹತ್ತಿರದ ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಟೀಚರು. ಒಂಬತ್ತನೇ ಕ್ಲಾಸಿನಲ್ಲಿ ಸ್ವಂತ ಮಗಳಿಗೂ ಅವಳೇ ಪಾಠ ಮಾಡಿದ್ದಳು. ಅವಳಿಗೆ ಬಹಳ ಇಷ್ಟವಾದ ಪಾಠವೆಂದರೆ ರಾಸಾಯನಿಕ ಕ್ರಿಯೆಗಳಲ್ಲಿ ಹುಟ್ಟುವ ಬಿಸಿ, ಆಗುವ ತಂಪು. ಮಕ್ಕಳ ಒದ್ದೆ ಅಂಗೈಗೆ ಚಿಟಿಕೆ ಸೋಪಿನ ಪುಡಿ ಹಾಕಿ ಮುಷ್ಟಿ ಹಿಡಿಸುವಳು. ಕೈ ಬೆಚ್ಚಗಾಗುತ್ತದೆ. ನಾಲಗೆಯ ಮೇಲೆ ಗ್ಲೂಕೋಸ್ ಪುಡಿ ಇಡುವಳು. ನಾಲಗೆ ತಣ್ಣಗಾಗುತ್ತದೆ. "ಬಿಸಿ ಹೊಸದಾಗಿ ಹುಟ್ಟಲಿಲ್ಲ, ಒಳಗೇ ಬಚ್ಚಿಟ್ಟುಕೊಂಡಿತ್ತು. ತಂಪು ಎಲ್ಲಿಂದಲೋ ಬರಲಿಲ್ಲ, ನಿಮ್ಮ ನಾಲಗೆಯ ಬಿಸಿಯನ್ನ ಪುಡಿ ಎಳಕೊಂಡಿತು. ಲೆಕ್ಕ ಸರಿಯಾಯ್ತಾ?" ಮಕ್ಕಳು ಸರಿಯಾಯ್ತು ಅನ್ನುವರು, ಇನ್ನೊಂದು ಚಿಟಿಕೆ ಗ್ಲೂಕೋಸಿಗೆ ನಾಲಗೆ ಚಾಚುವರು. ಹೊಸ ಪ್ರಿನ್ಸಿಪಾಲರೊಬ್ಬರು ಬಂದು ತರಗತಿಯಲ್ಲಿ ತಿನ್ನಿಸಕೂಡದು ಅಂದಾಗ, "ಅದು ತಿಂಡಿಯಲ್ಲ ಸರ್, ಪ್ರಯೋಗ" ಅಂದವಳು ಅವಳು.

ಕೀಮೋ ಕೆಲಸ ಮಾಡಲಿಲ್ಲ. ಇದನ್ನು ಒಂದೇ ವಾಕ್ಯದಲ್ಲಿ ಬರೆದುಬಿಟ್ಟೆ. ನಡೆದದ್ದು ಒಂದು ವಾಕ್ಯದಷ್ಟು ಸಲೀಸಾಗಿ ಇರಲಿಲ್ಲ. ಏಪ್ರಿಲ್ ಕೊನೆಗೆ ಡಾಕ್ಟರು ಔಷಧಿ ನಿಲ್ಲಿಸೋಣ ಅಂದರು. ಮನೆಯಲ್ಲೇ ಇರಲಿ, ನೋವು ಬಾರದ ಹಾಗೆ ನೋಡಿಕೊಳ್ಳೋಣ ಅಂದರು. ಅದರ ಅರ್ಥ ನಾಲ್ವರಿಗೂ ಗೊತ್ತಾಯಿತು. ಮೂವರು ಒಪ್ಪಿಕೊಂಡೆವು. ಅನಘಾ ಒಪ್ಪಲಿಲ್ಲ.

ಅವಳು ಎರಡನೇ ಅಭಿಪ್ರಾಯ, ಮೂರನೇ ಅಭಿಪ್ರಾಯ ಅಂತ ಓಡಾಡಿದಳು. ಎಲ್ಲೋ ದೂರದ ದೇಶದಲ್ಲಿ ನಡೆಯುತ್ತಿರುವ ಯಾವುದೋ ಹೊಸ ಔಷಧಿಯ ಟ್ರಯಲ್ಲಿನ ಬಗ್ಗೆ ಓದಿ ಇಮೇಲ್ ಕಳಿಸಿದಳು. (ಈ ನಡುವೆ ಅಮೃತಬಳ್ಳಿ, ಲಕ್ಷ್ಮಣಫಲ, ಪಾಸಿಟಿವ್ ಥಿಂಕಿಂಗ್ ಎಂದು ವಾಟ್ಸಾಪಿನಲ್ಲಿ ಉಪದೇಶ ಕಳಿಸಿದ ಬಂಧುಗಳಿಗೆಲ್ಲ ಒಂದು ನಮಸ್ಕಾರ. ಕ್ಯಾನ್ಸರ್ ಬಂದವರ ಮನೆಗೆ ಇಷ್ಟೊಂದು ಮಂದಿ ವೈದ್ಯರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ?) ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬೀಳುತ್ತಿತ್ತು. ಹುಡುಗಿ ಅಮ್ಮನಿಗಾಗಿ ಊರೆಲ್ಲ ತಿರುಗುತ್ತಾಳೆ, ಅಮ್ಮನ ಮಂಚದ ಹತ್ತಿರ ಕೂರುವುದಿಲ್ಲ. ಬಾಗಿಲಲ್ಲೇ ನಿಂತು, "ಮಾತ್ರೆ ತಗೊಂಡಾಯ್ತಾ?" ಅಂತ ಕೇಳಿ ಹೊರಟುಬಿಡುತ್ತಾಳೆ.

ಅಕ್ಕನಿಗೂ ಅದು ಕಾಣುತ್ತಿತ್ತು.

ಒಂದು ಮಧ್ಯಾಹ್ನ ಭಾವ ಕ್ಲಿನಿಕ್ಕಿನಿಂದ ಬೇಗ ಬಂದರು. ಕೈಯಲ್ಲಿ ದೊಡ್ಡ ಬ್ಯಾಗು. ಅದರ ತುಂಬ ಗುಲಾಬಿ ಬಣ್ಣದ ಪುಡಿಯ ಪೊಟ್ಟಣಗಳು. ಹಲ್ಲು ಕಟ್ಟಿಸಿಕೊಂಡವರಿಗೆ ಇದು ಗೊತ್ತಿರುತ್ತದೆ. ಪುಡಿಯನ್ನು ನೀರಿನಲ್ಲಿ ಕಲಸಿ ಬಾಯಿಗಿಟ್ಟು ಅಚ್ಚು ತೆಗೆಯುತ್ತಾರಲ್ಲ, ಪುದೀನದ ವಾಸನೆ ಬರುತ್ತದಲ್ಲ, ಅದೇ. ಅಚ್ಚು ಸಿಕ್ಕಿದ ಮೇಲೆ ಅದರೊಳಗೆ ಪ್ಲಾಸ್ಟರ್ ಸುರಿದರೆ ನಿಮ್ಮ ಹಲ್ಲಿನ ಪಡಿಯಚ್ಚು ಸಿದ್ಧ.

ಭಾವ ಮಾತು ಕಡಿಮೆಯ ಮನುಷ್ಯ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಪೊಟ್ಟಣಗಳನ್ನೇ ನೋಡುತ್ತ ಹೇಳಿದರು: "ವಾರಿಜಾ, ನಿನ್ನ ಕೈದು ಒಂದು ಅಚ್ಚು ತೆಗೀಲಾಂತ. ನಿನಗೆ ಕಷ್ಟ ಆಗ್ದೆ ಇದ್ರೆ."

ಅಕ್ಕ ಅವರನ್ನೇ ನೋಡಿದಳು. "ಊರೋರ ಹಲ್ಲೆಲ್ಲ ಮುಗೀತಾ? ಈಗ ಕೈಗೆ ಬಂದ್ರಾ?" ಅಂದಳು.

ಭಾವ ನಗಲು ಹೋದರು. ಆಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ತೆಗೀರಿ," ಅಂದಳು ಅಕ್ಕ. "ಆದ್ರೆ ನಂದೊಂದೇ ಬೇಡ. ಅನೂದೂ ನಂದೂ, ಕೈ ಕೈ ಹಿಡ್ಕೊಂಡ ಹಾಗೆ."

ಅವತ್ತೇ ಒಂದು ಪರೀಕ್ಷೆ ನಡೆಯಿತು. ಬಕೆಟ್ಟಿನಲ್ಲಿ ನಲ್ಲಿ ನೀರು ಹಿಡಿದು ಭಾವ ಪುಡಿ ಸುರಿದು ಕಲಸತೊಡಗಿದರು. ಮೇ ತಿಂಗಳ ಮಧ್ಯಾಹ್ನ ಚೆನ್ನೈನ ಮೇಲಿನ ಟ್ಯಾಂಕಿನ ನೀರು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸ್ನಾನಕ್ಕೆ ಗೀಸರ್ ಬೇಡ. ಆ ಬಿಸಿಗೆ ಪುಡಿ ಕಲಸುತ್ತಿದ್ದ ಹಾಗೇ ಗಟ್ಟಿಯಾಗಿ, ಸೌಟು ಬಕೆಟ್ಟಿನಲ್ಲೇ ನೆಟ್ಟಗೆ ನಿಂತುಬಿಟ್ಟಿತು.

ಅಕ್ಕ ದಿಂಬಿಗೆ ಒರಗಿ ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದೆ. "ಕೆಮಿಸ್ಟ್ರಿ ಟೀಚರ್ ಗಂಡ ಅಂತ ಎಲ್ಲೂ ಹೇಳ್ಕೋಬೇಡ್ರೀ. ಬಿಸಿ ಜಾಸ್ತಿಯಾದ್ರೆ ರಿಯಾಕ್ಷನ್ನು ಓಡತ್ತೆ ಅಂತ ಒಂಬತ್ತನೇ ಕ್ಲಾಸಿನ ಮಗೂಗೆ ಗೊತ್ತು."

"ಕ್ಲಿನಿಕ್ಕಿನಲ್ಲಿ ನಾವು ಕೂಲಿಂಗ್ ವಾಟರ್ ಹಾಕೋದು ಮಾ," ಅಂದರು ಭಾವ, ಸಂಕೋಚದಿಂದ. "ಇಲ್ಲಿ ಹೆಂಗೆ ಹಾಕ್ಲಿ? ನಿನ್ನ ಕೈಗೆ ತಾಂಗಾದೇ."

ತಡೆಯೋದಿಲ್ಲವಲ್ಲ ಎಂದು ಅದರ ಅರ್ಥ. ನಿಜ. ತಣ್ಣೀರಾದರೆ ಅಕ್ಕ ಕೈ ಇಡಲಾರಳು, ಬಿಸಿನೀರಾದರೆ ಅಚ್ಚು ನಿಲ್ಲದು. ಕೊನೆಗೆ ಅವಳೇ ಉಪಾಯ ಹೇಳಿದಳು. ಸಂಜೆಯೇ ನೀರು ಹಿಡಿದಿಡಿ, ಬೆಳಗಿನ ಹೊತ್ತಿಗೆ ಹದವಾಗಿರುತ್ತದೆ.

ಮರುದಿನ ಬೆಳಿಗ್ಗೆ ಭಾವ ಕ್ಲಿನಿಕ್ಕಿಗೆ ರಜೆ ಹಾಕಿದರು. ಮಂಚದ ಪಕ್ಕದಲ್ಲಿ ಹಳೇ ಪೇಪರ್ ಹಾಸಿ ಬಕೆಟ್ಟು ಇಟ್ಟರು. ಅಕ್ಕನ ಕೈಯ ಬಳೆ ತೆಗೆದೆ. ಉಂಗುರ ತೆಗೆಯುವ ಅಗತ್ಯ ಬರಲಿಲ್ಲ. ಬೆರಳು ಸಣ್ಣಗಾಗಿ, ದಾರ ಸುತ್ತಿದರೂ ನಿಲ್ಲದೆ, ಅದು ಎಂದೋ ದೇವರ ಗೂಡು ಸೇರಿತ್ತು.

ಭಾವ ಅನಘಾಳನ್ನು ಕರೆದರು.

ಅವಳು ಬಾಗಿಲಲ್ಲಿ ನಿಂತಳು. ಪೇಪರು, ಬಕೆಟ್ಟು, ಪುಡಿ, ಅಮ್ಮನ ಬರಿಗೈ ಎಲ್ಲವನ್ನೂ ನೋಡಿದಳು.

"ಎನ್ನ ಇದು?"

ಭಾವ ಹೇಳಿದರು. ಹೇಳಿ ಮುಗಿಸುವ ಮುಂಚೆಯೇ ಅವಳ ಮುಖ ಕೆಂಪಾಯಿತು.

"ಎನಕ್ಕು ವೇಂಡಾಂ. ನನಗೆ ಬೇಡ. ನೀವೆಲ್ಲ ಡಿಸೈಡ್ ಪಣ್ಣಿಟ್ಟೀಂಗಲ್ಲ? ಅಮ್ಮ ಹೋಗ್ತಾಳೆ ಅಂತ ಡಿಸೈಡ್ ಮಾಡಿ, ಈಗ ಮ್ಯೂಸಿಯಂಗೆ ಐಟಂ ರೆಡಿ ಮಾಡ್ತಿದೀರಾ?"

"ಅನೂ," ಅಂದೆ ನಾನು.

"ನೀವೂ ತಾನೇ ಚಿತ್ತಿ!" ಅಂದಳು. ಬಾಗಿಲು ದಢಾರನೆ ಹಾಕಿಕೊಂಡು ತನ್ನ ಕೋಣೆ ಸೇರಿದಳು.

ಭಾವ ಬಕೆಟ್ಟಿನ ಮುಂದೆ ಹಾಗೇ ಕೂತಿದ್ದರು. ಪುಡಿಯ ಪೊಟ್ಟಣ ಬಿಚ್ಚಿ ಆಗಿತ್ತು. ಅಕ್ಕ ಬಾಗಿಲಿನ ಕಡೆ ನೋಡಿದಳು. ಕರೆಯುತ್ತಾಳೆ ಅಂದುಕೊಂಡೆ. ಕರೆಯಲಿಲ್ಲ.

"ಅವಳಿಗೆ ಬೇಡ ಅಂದ್ರೆ ಬಿಡಿ. ಒತ್ತಾಯ ಮಾಡಿ ಕೈ ಹಿಡಿಸ್ಕೊಳ್ಳೋಕಾಗತ್ತಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ನೀನು ಬಾ."

"ನಾನು ಯಾಕಕ್ಕಾ? ಅದು ಅನೂ ಜಾಗ. ನಾಳೆ ಕೇಳಿ ನೋಡೋಣ."

"ನಾಳೆ ನಾನು ಎದ್ದು ಕೂರ್ತೀನೋ ಇಲ್ವೋ. ಕೈ ಕೊಡೇ."

ನಾನು ನೆಲದ ಮೇಲೆ ಕೂತೆ. ಭಾವ ಕಲಸಿದರು, ಈ ಸಲ ಸರಿಯಾಗಿ ಕಲಸಿದರು. ಅಕ್ಕನೂ ನಾನೂ ಕೈ ಹಿಡಿದುಕೊಂಡು ಆ ಗುಲಾಬಿ ಗಂಜಿಯೊಳಗೆ ಮಣಿಕಟ್ಟಿನವರೆಗೆ ಇಳಿಸಿದೆವು. ಉಗುರುಬೆಚ್ಚಗಿತ್ತು. ಕ್ಷಣದಲ್ಲಿ ಸುತ್ತಲೂ ಬಿಗಿಯತೊಡಗಿತು. ಅದರೊಳಗೆ ಅವಳ ಬೆರಳು ನನ್ನ ಬೆರಳನ್ನು ಒತ್ತಿ ಹಿಡಿದಿತ್ತು. ಆ ಕೈಯಲ್ಲಿ ಮೂಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಆದರೂ ಹಿಡಿತ ಮಾತ್ರ ನಂಜನಗೂಡಿನ ರೈಲ್ವೆ ಗೇಟು ದಾಟಿಸುವಾಗ ಹಿಡಿಯುತ್ತಿದ್ದ ಹಿಡಿತವೇ.

"ಮಾತಾಡ್ಬೇಡಿ, ಆಡಿಸ್ಬೇಡಿ," ಅಂದರು ಭಾವ, ಕ್ಲಿನಿಕ್ಕಿನ ದನಿಯಲ್ಲಿ.

ಗಟ್ಟಿಯಾದ ಮೇಲೆ, "ಈಗ ಬಿಡಿ. ಒಬ್ಬೊಬ್ಬರಾಗಿ, ಮೆಲ್ಲಗೆ ಎಳ್ಕೊಳ್ಳಿ" ಅಂದರು. ನಾನು ಮೊದಲು ಎಳೆದುಕೊಂಡೆ. ಅಕ್ಕನದು ಜಾರಿಕೊಂಡು ಸುಲಭವಾಗಿ ಬಂತು. ಭಾವ ಆ ಖಾಲಿ ಜಾಗದೊಳಗೆ ತೆಳ್ಳಗೆ ಕಲಸಿದ ಪ್ಲಾಸ್ಟರ್ ಸುರಿದರು. ಗುಳ್ಳೆ ಬಾರದಿರಲೆಂದು ಬಕೆಟ್ಟನ್ನು ಅಂಗೈಯಿಂದ ತಟ್ಟಿದರು. ಅಕ್ಕ ಸುಸ್ತಾಗಿ ಕಣ್ಣು ಮುಚ್ಚಿದಳು. ನಾನು ಕೈ ತೊಳೆಯಲು ಹೋದೆ.

ಹಾಗೇ ಗಂಜಿಗೆ ಅಕ್ಕಿ ಬೇಯಲು ಇಟ್ಟು ವಾಪಸು ಬಂದಾಗ ಅನಘಾ ಕೋಣೆಯಲ್ಲಿದ್ದಳು.

ಬಕೆಟ್ಟಿನ ಮುಂದೆ ಮಂಡಿಯೂರಿ ಕೂತಿದ್ದಳು. ಮೇಲ್ಗಡೆ ಎರಡು ಬಿಳಿಯ ವೃತ್ತ ಕಾಣುತ್ತಿದ್ದವು. ಎರಡು ಮಣಿಕಟ್ಟು. ಪ್ಲಾಸ್ಟರ್ ಆಗಲೇ ಬಿಗಿದುಕೊಂಡಿತ್ತು.

"ಅಪ್ಪಾ, ಇದರಲ್ಲಿ ಅಮ್ಮನದು ಯಾವುದು?" ಎಂದು ಪಿಸುದನಿಯಲ್ಲಿ ಕೇಳಿದಳು.

ಭಾವ ಬಗ್ಗಿ ನೋಡಿದರು. ಆಮೇಲೆ, "ಸಣ್ಣದು" ಅಂದರು.

ಅವಳು ಆ ಸಣ್ಣ ವೃತ್ತದ ಮೇಲೆ ಅಂಗೈ ಇಟ್ಟಳು. ಇಟ್ಟವಳು ಬೆಚ್ಚಿ ತೆಗೆದಳು. ಮತ್ತೆ ಇಟ್ಟಳು. "ಸುಡುದು ಪಾ," ಅಂದಳು. "ಬಿಸಿಯಿದೆ."

ನಿಮಗೆ ಗೊತ್ತಿರಬಹುದು, ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಕೈ ಮುರಿದು ಬ್ಯಾಂಡೇಜು ಹಾಕಿಸಿಕೊಂಡವರನ್ನು ಕೇಳಿ. ಅನಘಾಳಿಗೂ ಗೊತ್ತಿತ್ತು. ಅವಳಮ್ಮನೇ ಕಲಿಸಿದ್ದು. ಆದರೆ ಆ ಹೊತ್ತಿಗೆ ಅವಳಿಗೆ ಪಾಠ ನೆನಪಿದ್ದಂತೆ ಕಾಣಲಿಲ್ಲ. ಎರಡೂ ಅಂಗೈಯನ್ನು ಆ ಸಣ್ಣ ವೃತ್ತದ ಸುತ್ತ ಮುಚ್ಚಿ, ಬಕೆಟ್ಟಿನ ಅಂಚಿಗೆ ಹಣೆ ಆನಿಸಿ ಕೂತುಬಿಟ್ಟಳು. ಬೆನ್ನು ಅಲುಗುತ್ತಿತ್ತು. ಅಳುವಿನ ಸದ್ದಿರಲಿಲ್ಲ.

ಅಕ್ಕ ಕಣ್ಣು ತೆರೆದಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಅದು ಜಿಪ್ಸಮ್ಮನ್ನ ಭಟ್ಟೀಲಿ ಕಾಯ್ಸಿದಾಗ ಒಳಗೆ ಹೋದ ಬಿಸಿ ಕಣೋ," ಅಂದಳು ಮೆಲ್ಲಗೆ. "ಕಾಯ್ಸಿ ಕಾಯ್ಸಿ ಅದರ ನೀರನ್ನ ಓಡಿಸಿರ್ತಾರೆ. ಈಗ ಅಪ್ಪ ನೀರು ವಾಪಸ್ ಕೊಟ್ರು. ಬಿಸೀಲಿ ಒಂದು ಪಾಲನ್ನ ಅದೂ ವಾಪಸ್ ಕೊಡ್ತಾ ಇದೆ. ನನ್ನ ಬಿಸಿ ಅಲ್ಲ ಅದು."

ಅನಘಾ ತಲೆಯೆತ್ತಲಿಲ್ಲ.

"ಅದನ್ನ ಯಾಕೆ ಹಿಡ್ಕೊಂಡಿದೀಯಾ ಅನೂ? ನಾನು ಇಲ್ಲೇ ಇದೀನಲ್ಲ."

ಹುಡುಗಿ ಎದ್ದಳು. ಒದ್ದೆ ಕೈಯನ್ನು ಚೂಡಿದಾರಿಗೆ ಒರೆಸಿಕೊಂಡಳು. ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ತೆಗೆದು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ನಾನೂ ಭಾವನೂ ಹೊರಗೆ ಬಂದೆವು. ಭಾವ ಬಾಲ್ಕನಿಯಲ್ಲಿ ನಿಂತು ರಸ್ತೆಯ ಬಸ್ಸುಗಳನ್ನು ನೋಡುತ್ತಿದ್ದರು. ಅವರ ಕೈಯಲ್ಲಿ ಪ್ಲಾಸ್ಟರ್ ಒಣಗಿ ಬಿಳಿಯಾಗಿತ್ತು.

ಅವತ್ತಿನಿಂದ ಅನಘಾ ಆ ಮಂಚ ಬಿಟ್ಟು ಕದಲಲಿಲ್ಲ. ಅಮ್ಮನ ತಲೆ ಬಾಚುವಳು, ಗಂಜಿ ಕುಡಿಸುವಳು, ಕುಡಿಸುವ ಮೊದಲು ಚಮಚವನ್ನು ತನ್ನ ಕೆನ್ನೆಗೆ ಮುಟ್ಟಿಸಿ ತಂಪಿಲ್ಲವಷ್ಟೇ ಎಂದು ನೋಡುವಳು. ಅಮ್ಮ ಕನ್ನಡದಲ್ಲಿ, ಮಗಳು ತಮಿಳಿನಲ್ಲಿ, ಇಬ್ಬರದೂ ಮುಗಿಯದ ಮಾತು. ಒಮ್ಮೊಮ್ಮೆ ಜಗಳ. ಯಾವ ಹುಡುಗನನ್ನು ನಂಬಬಾರದು ಎಂಬುದರಿಂದ ಹಿಡಿದು ಸಾರಿನ ಪುಡಿಗೆ ಎಷ್ಟು ಮೆಣಸು ಎಂಬುದರವರೆಗೆ ಎಲ್ಲವೂ ಚರ್ಚೆಯಾಯಿತು. ಅಚ್ಚು ಬಿಡಿಸಿ ಹೊರತೆಗೆದ ಆ ಎರಡು ಕೈಯನ್ನು ಭಾವ ಪುಸ್ತಕದ ಕಪಾಟಿನಲ್ಲಿ ಇಟ್ಟರು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ನೋಡುವ ಅಗತ್ಯ ಇನ್ನೂ ಬಂದಿರಲಿಲ್ಲ.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ತರಕಾರಿ ಗಾಡಿಯವನು ಬೀದಿಯಲ್ಲಿ ಕೂಗುತ್ತಿರುವಾಗ, ಅಕ್ಕ ಹೋದಳು. ಅನಘಾ ಕೈ ಹಿಡಿದೇ ಇದ್ದಳು.

ಆಮೇಲೆ ಏನೇನು ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ಫೋನುಗಳು, ಚಪ್ಪಲಿಗಳ ರಾಶಿ, ಯಾರೋ ತರುವ ಕಾಫಿ. ನಮ್ಮ ಅಣ್ಣ ನಂಜನಗೂಡಿನಿಂದ ಹೊರಡಬೇಕು. ಎಷ್ಟೇ ಬೇಗ ಹೊರಟರೂ ಕತ್ತಲಾಗುವ ಮೊದಲು ಬಂದು ಮುಟ್ಟುವುದು ಅನುಮಾನ. ಹಾಗಾದರೆ ಸಂಸ್ಕಾರ ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ? ಚೆನ್ನೈನ ಬೇಸಿಗೆಯಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಪಕ್ಕದ ಮನೆಯ ಹಿರಿಯರು ಯಾರನ್ನೂ ಕೇಳದೆ, ಸಹಾಯವಾಗಲೆಂದೇ, ಫೋನು ಮಾಡಿಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಇಬ್ಬರು ಗಾಜಿನ ಮುಚ್ಚಳದ ಉದ್ದನೆಯ ಪೆಟ್ಟಿಗೆಯೊಂದನ್ನು ಮೆಟ್ಟಿಲ ಮೇಲೆ ಹತ್ತಿಸಿಕೊಂಡು ಬಂದರು. ಪ್ಲಗ್ ಹಾಕಿದರೆ ಒಳಗೆ ಫ್ರಿಜ್ಜಿನ ಹಾಗೆ ತಣ್ಣಗಿಡುವ ಪೆಟ್ಟಿಗೆ. ಇಲ್ಲಿ ಅದನ್ನು ಐಸ್ ಪೆಟ್ಟಿ ಅನ್ನುತ್ತಾರೆ.

ಅನಘಾ ಬಾಗಿಲಿಗೆ ಅಡ್ಡ ನಿಂತಳು.

"ಇದು ವೇಂಡಾಂ. ತಿರುಪ್ಪಿ ಎಡುತ್ತಿಟ್ಟು ಪೋಂಗ." ವಾಪಸು ತೆಗೆದುಕೊಂಡು ಹೋಗಿ ಅಂತ.

"ಹಾಗೆಲ್ಲ ಹೇಳಬಾರದು ಮಾ," ಎಂದು ಹಿರಿಯರು ತಮಿಳಿನಲ್ಲಿ ಸಮಾಧಾನ ಹೇಳಿದರು. "ಈ ಬಿಸಿಲಿಗೆ ನಾಳೆವರೆಗೆ ಹೇಗೆ ಇಡೋದು?"

"ಅಮ್ಮಾವುಕ್ಕು ಕೂಲ್ ಆಗಾದು. ಅಮ್ಮನಿಗೆ ತಣ್ಣಗೆ ಆಗಲ್ಲ. ಚಿತ್ತಿ, ನೀವು ಹೇಳಿ, ಅಮ್ಮನಿಗೆ ತಣ್ಣಗೆ ಆಗಲ್ಲ ಅಂತ ಹೇಳಿ ಇವರಿಗೆ!"

ಹಿರಿಯರು ಅವಳ ತಲೆಯ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯರು. "ಇನಿಮೇ ಅವಂಗಳುಕ್ಕು ಎದುವುಂ ತೆರಿಯಾದು ಮಾ," ಅಂದರು. ಇನ್ನು ಅವರಿಗೆ ಏನೂ ಗೊತ್ತಾಗುವುದಿಲ್ಲ.

"ಎನಕ್ಕು ತೆರಿಯುಮೇ," ಅಂದಳು ಅನಘಾ. ನನಗೆ ಗೊತ್ತಾಗತ್ತಲ್ಲ.

ಪೆಟ್ಟಿಗೆ ಹೊತ್ತು ತಂದವರು ಮೆಟ್ಟಿಲ ಮೇಲೆಯೇ ತಲೆ ತಗ್ಗಿಸಿ ನಿಂತಿದ್ದರು. ಎಲ್ಲರೂ ಭಾವನ ಮುಖ ನೋಡಿದರು. ಭಾವ ನನ್ನ ಮುಖ ನೋಡಿದರು. ಪೆಟ್ಟಿಗೆ ಬೇಡವೆಂದರೆ ಸಂಜೆಯೊಳಗೇ ಎಲ್ಲ ಮುಗಿಸಬೇಕು. ಅಣ್ಣನಿಗೆ ತಂಗಿಯ ಮುಖ ಸಿಗುವುದಿಲ್ಲ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಿದ ಅಣ್ಣ.

ನಾನು ಬಾಲ್ಕನಿಗೆ ಹೋಗಿ ಅಣ್ಣನಿಗೆ ಫೋನು ಮಾಡಿದೆ. ಅವನು ಆಗಷ್ಟೇ ಮೈಸೂರು ತಲುಪಿದ್ದ. ನಿಲ್ದಾಣದ ಗದ್ದಲ ಕೇಳುತ್ತಿತ್ತು. ಹೇಗೆ ಹೇಳುವುದು? ಕೈಗವಸಿನಿಂದ ಶುರು ಮಾಡಿದೆ. ಅಲ್ಲಲ್ಲಿ ಬಿಟ್ಟು ಬಿಟ್ಟು ಹೇಳಿದೆ.

ಅಣ್ಣ ಗದ್ದಲದಿಂದ ಪಕ್ಕಕ್ಕೆ ಸರಿದದ್ದು ಫೋನಿನಲ್ಲೇ ಗೊತ್ತಾಯಿತು.

"ಮಗು ಹಾಗಂತಾ?" ಅಂದ.

"ಹೂಂ."

"ಕಾಯಬೇಡಿ ಕಣೇ. ಯುಗಾದೀಲಿ ಬಂದಾಗ ನೋಡಿದೀನಲ್ಲ, ಕೂತ್ಕೊಂಡು ಒಬ್ಬಟ್ಟು ತಿಂದ್ಲು. ನನಗೆ ಆ ಮುಖ ಇರ್ಲಿ. ಅವಳನ್ನ ತಣ್ಣಗೆ ಮಾಡ್ಬೇಡಿ." ಸ್ವಲ್ಪ ತಡೆದು, "ನಾನು ಹೊರಟಿದೀನಿ. ಬರ್ತೀನಿ. ಯಾವಾಗ ತಲುಪ್ತೀನೋ ಆವಾಗ" ಅಂದ.

ಪೆಟ್ಟಿಗೆ ಬಂದ ದಾರಿಯಲ್ಲೇ ಇಳಿಯಿತು. ಸೂರ್ಯ ಮುಳುಗುವ ಮೊದಲು ಎಲ್ಲವೂ ಮುಗಿಯಿತು. ಚಟ್ಟಕ್ಕೆ ಎತ್ತುವವರೆಗೆ ಅನಘಾ ಅಮ್ಮನ ಅಂಗೈ ಬಿಡಲಿಲ್ಲ. "ಇನ್ನೂ ವಾರ್ಮ್ ಆಗಿದೆ ಚಿತ್ತಿ," ಅನ್ನುತ್ತಿದ್ದಳು. ಆ ಬಿಸಿಲಿನಲ್ಲಿ ಯಾವುದು ತಾನೇ ತಣ್ಣಗಿರುತ್ತದೆ? ನಾನು ಹಾಗನ್ನಲಿಲ್ಲ. ಮುಟ್ಟಿ ನೋಡಿ, ಹೌದು ಅಂದೆ.

ರಾತ್ರಿ ಅಣ್ಣ ಬಂದ. ಖಾಲಿ ಮಂಚದ ಹತ್ತಿರ ಹೋಗಲೇ ಇಲ್ಲ. ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದ. ಆ ಪ್ಲಾಸ್ಟರಿನ ಸಣ್ಣ ಕೈಯನ್ನು ಒಂದು ಬೆರಳಿನಿಂದ ಸವರಿದ. ಉಗುರಿನ ಗೆರೆ, ಬೆರಳ ಗಂಟು, ಹೆಬ್ಬೆರಳ ಬುಡದಲ್ಲಿ ಎಳೆತನದಲ್ಲಿ ಸುಟ್ಟ ಕಲೆ ಎಲ್ಲವೂ ಅದರಲ್ಲಿ ಮೂಡಿತ್ತು. "ಇನ್ನೊಂದು ಯಾರದು?" ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ಅನಘಾ, "ಚಿತ್ತಿದು ಮಾಮಾ" ಅಂದಳು. ದನಿಯಲ್ಲಿ ಏನೂ ಇರಲಿಲ್ಲ, ನನಗೆ ಮಾತ್ರ ಎಲ್ಲೋ ಚುಚ್ಚಿತು. ಮರುದಿನ ಸಂಜೆ ಅವಳೊಬ್ಬಳೇ ಸಿಕ್ಕಾಗ, ಬೇಕಾದರೆ ಅದನ್ನು ನಾನು ಮನೆಗೆ ತೆಗೆದುಕೊಂಡು ಹೋಗುತ್ತೇನೆ ಅಂದೆ. ಅವಳು ತಲೆಯಾಡಿಸಿದಳು. "ಇರಲಿ. ಅಮ್ಮ ಯಾರನ್ನೋ ಹಿಡ್ಕೊಂಡಿದಾಳಲ್ಲ. ಖಾಲಿ ಕೈ ಆಗಿದ್ರೆ ನಾನು ನೋಡ್ತಿರ್ಲಿಲ್ಲ."

ಸಾವಿನ ಮನೆಗೆ ಬರುವವರೆಲ್ಲ ಏನಾದರೂ ಹೇಳಲೇಬೇಕು ಎಂದು ಯಾರು ನಿಯಮ ಮಾಡಿದರೋ ಗೊತ್ತಿಲ್ಲ. ಸುಮ್ಮನೆ ಬಂದು ಕೂತು ಎದ್ದು ಹೋದರೆ ಸಾಲದೇ? ಕೆಲವರು ಕರ್ಮ ಅಂದರು. ಕೆಲವರು ಮುಕ್ತಿ ಅಂದರು. ಅಕ್ಕನ ಹಳೆಯ ವಿದ್ಯಾರ್ಥಿನಿಯರು ನಾಲ್ಕೈದು ಮಂದಿ ಬಂದಿದ್ದರು. ಅವರು ಏನೂ ಅನ್ನದೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಿಟ್ಟು ಹೋದರು. ಆ ಹುಡುಗಿಯರನ್ನು ನಾನು ಮರೆಯಲಾರೆ.

ವೈಕುಂಠ ಸಮಾರಾಧನೆಯ ದಿನ ಭಾವನ ಹಳೆಯ ಸ್ನೇಹಿತರೊಬ್ಬರು ಊಟ ಮುಗಿಸಿ ಅನಘಾಳ ಪಕ್ಕ ಬಂದು ಕೂತರು. ನಿವೃತ್ತ ಎಂಜಿನಿಯರ್. ವಿಜ್ಞಾನದ ಹುಡುಗಿಗೆ ವಿಜ್ಞಾನದಿಂದಲೇ ಸಮಾಧಾನ ಹೇಳೋಣ ಅನ್ನಿಸಿತೇನೋ. ಅವಳ ಕೈ ತಟ್ಟಿ ಹೇಳಿದರು: "ಎನರ್ಜಿಯನ್ನ ಯಾರೂ ಡೆಸ್ಟ್ರಾಯ್ ಮಾಡೋಕಾಗಲ್ಲ ಮಾ. ನಿಮ್ಮಮ್ಮನೇ ಪಾಠ ಮಾಡಿರ್ತಾರಲ್ಲ? ರೂಪ ಬದಲಾಗತ್ತೆ, ಅಷ್ಟೇ. ಅಮ್ಮ ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದಾರೆ."

ಮನಸ್ಸಿನಿಂದಲೇ ಹೇಳಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಸುತ್ತ ಕೂತಿದ್ದವರು ತಲೆಯಾಡಿಸಿದರು.

ಅನಘಾ ಅವರನ್ನೇ ನೋಡಿದಳು. ಸಿಟ್ಟಿರಲಿಲ್ಲ. ಯಾವಾಗಲೂ ತಮಿಳಿಗೆ ಓಡುವ ಹುಡುಗಿ ಅವತ್ತು ಕನ್ನಡದಲ್ಲೇ, ಪದಗಳನ್ನು ಹುಡುಕಿ ಹುಡುಕಿ ಹೇಳಿದಳು.

"ಕರೆಕ್ಟ್ ಅಂಕಲ್. ಲೆಕ್ಕ ಸರಿಯಾಗೇ ಇರತ್ತೆ. ಅಮ್ಮನ ಬಿಸಿಯೆಲ್ಲ ಗಾಳಿಗೆ ಹೋಗಿರತ್ತೆ. ಈ ಊರು ಕೊಂಚ, ತುಂಬಾ ಕೊಂಚ ಜಾಸ್ತಿ ವಾರ್ಮ್ ಆಗಿರತ್ತೆ. ಆದ್ರೆ ಅದನ್ನ ನಾನು ಹೇಗೆ ತಬ್ಬಿಕೊಳ್ಳಲಿ?"

ಅವರು ಅವಳ ಕೈ ತಟ್ಟುತ್ತಿದ್ದ ಕೈಯನ್ನು ಹಿಂದೆ ತೆಗೆದುಕೊಂಡರು. ನಿಮ್ಮಲ್ಲಿ ಯಾರಲ್ಲಾದರೂ ಇದಕ್ಕೆ ಉತ್ತರ ಇದೆಯೇ?